ಕುರಿ ಎಷ್ಟೆಂದು ಕೇಳದ ಮಾಳಪ್ಪ

ಮಸಗುಪ್ಪಿಯ ಮಾಳಪ್ಪ ಆಫ್ರಿಕಾದಿಂದ ಬಂದು ಹದಿನೈದು ದಿನವಾಯಿತು. ಬಂದಾಗಿನಿಂದ ಮಲಗಿಯೇ ಇದ್ದಾನೆ. ನೋಡಲು ಬಂದವರೆಲ್ಲ ಕೇಳುವುದು ಒಂದೇ, ಸಿಂಹ ಕಂಡಿತೇ ಎಂದು. ಉತ್ತರ ಕೊಡುವುದು ಅವನ ಹೆಂಡತಿ ಮಾಯವ್ವ.

"ಸಿಂಹ ಇಲ್ರಿ, ಕುರಿ ಕಂಡಾರ. ಇಲ್ಲಿ ಕುರಿ ಇರಲಿಲ್ಲ ನೋಡ್ರಿ, ಅದಕ್ಕ ಅಲ್ಲೀತನಕ ಹೋಗಿದ್ರು."

ನಾನು ಅವನ ಶಾಲೆಯ ಗೆಳೆಯ. ದಣಿದೆ ದಣಿದೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಾಳಪ್ಪನ ಮೇಲೆ ಮಾತ್ರ ಸಿಟ್ಟು ಮಾಡಲಾಗಲಿಲ್ಲ. ಅವನದು ನಿದ್ದೆ ಮಾಡಿದರೆ ಹೋಗುವ ದಣಿವಲ್ಲ.

ಕುರುಬರ ಮನೆಯ ಹುಡುಗ, ಓದಿ ದನದ ದವಾಖಾನೆ ಸೇರಿದ. ಹುಕ್ಕೇರಿ, ಗೋಕಾಕ, ಮೂಡಲಗಿ ಸುತ್ತಿ ಮೂವತ್ತು ವರ್ಷ ಸೂಜಿ ಹಾಕಿದ. ನಿವೃತ್ತಿಯಾದ ಮೇಲೆ ಉಂಡು ಮಲಗಬಹುದಿತ್ತು. ಯಾವುದೋ ಸೇವಾಸಂಸ್ಥೆಯವರು ಕರೆದರೆಂದು ಇಥಿಯೋಪಿಯಾಕ್ಕೆ ಹೋದ. ಅಲ್ಲಿ ಓಮೋ ನದಿಯ ದಂಡೆಗುಂಟ ಕುರಿ ಸಾಕುವ ಬುಡಕಟ್ಟಿನವರ ಊರುಗಳಿವೆ. ಬಾಯಿ ಹುಣ್ಣಾಗಿ, ಭೇದಿ ಹತ್ತಿ ಕುರಿ ಸಾಯುವ ಬೇನೆ ಊರಿಂದೂರಿಗೆ ಹರಡುತ್ತಿತ್ತು. ಲಸಿಕೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಂದಿಷ್ಟು ದೂರ ದೋಣಿಯಲ್ಲಿ, ಉಳಿದದ್ದು ನಡೆದು ಒಯ್ಯಬೇಕು. ಬಿಸಿಲು, ನೊಣ, ಕೆಸರು. ಒಂದು ಊರು ಮುಗಿಯಿತೆಂದರೆ ಇನ್ನೊಂದು. ಎರಡನೆಯ ತಿಂಗಳಿಗೆ ಮೊಣಕಾಲು ಬಾತಿತ್ತು, ಊರುಗಳ ಹೆಸರು ಒಂದರೊಳಗೊಂದು ಕಲಸಿಹೋಗಿದ್ದವು.

ಜೊತೆಗಿದ್ದ ದುಭಾಷಿ ಹೋದಲ್ಲೆಲ್ಲ ಮೊದಲು ಕುರಿ ಎಷ್ಟೆಂದು ಕೇಳುತ್ತಿದ್ದ. ಕೇಳಿದೊಡನೆ ಜನ ಮುಖ ತಿರುಗಿಸುತ್ತಿದ್ದರು. ಮಾಳಪ್ಪನಿಗೆ ಇದೇನೂ ಹೊಸದಲ್ಲ. ಅವನ ಅಪ್ಪನೂ ಯಾರಾದರೂ ಕೇಳಿದರೆ, ಇನ್ನೂರು ಕುರಿ ಮುಂದಿಟ್ಟುಕೊಂಡು "ಅದಾವ ನಾಕ" ಎನ್ನುತ್ತಿದ್ದ. ಎಣಿಸಿದರೆ ಕಣ್ಣು ತಗಲುತ್ತದೆ. ಹಾಗಾಗಿ ದುಭಾಷಿಯ ಬಾಯಿ ಮುಚ್ಚಿಸಿ, ಹಟ್ಟಿಯಲ್ಲಿ ಬಿದ್ದ ಹಿಕ್ಕೆ ನೋಡಿ ತಾನೇ ಅಂದಾಜು ಹಾಕತೊಡಗಿದ. ಹತ್ತು ಊರಲ್ಲಿ ಅಂದಾಜು ತಪ್ಪಲಿಲ್ಲ. ಇವನು ನಮ್ಮವನೇ ಎಂದು ಜನ ಕೂರಿಸಿಕೊಂಡರು. ಅವನೂ ಸ್ವಲ್ಪ ಉಬ್ಬಿದ ಎನ್ನಿ.

ಹನ್ನೊಂದನೆಯ ಊರಲ್ಲಿ ಒಬ್ಬ ಮುದುಕಿ. ಗಂಡನಿಲ್ಲ, ಹೊಲವಿಲ್ಲ, ಅವಳಿಗೆ ಕುರಿಯೇ ಎಲ್ಲ. ಮಾಳಪ್ಪ ಅವಳನ್ನು ಆಯಿ ಎಂದೇ ಕರೆದ. ಹಟ್ಟಿಗಳನ್ನೆಲ್ಲ ನೋಡಿ, ಈ ಊರಿಗೆ ಎರಡು ಸೀಸೆ ಸಾಕೆಂದು, ಉಳಿದವನ್ನು ಮೇಲಿನ ಊರಿಗೆ ಹೊರಟಿದ್ದ ಇನ್ನೊಂದು ತಂಡಕ್ಕೆ ಕೊಟ್ಟುಬಿಟ್ಟ. ಸಂಜೆ ಕೊನೆಯ ಸೂಜಿ ಹಾಕುವಾಗ ದೊಡ್ಡದೊಂದು ಹಿಂಡು ಹೊಳೆ ದಾಟಿ ಬಂತು. ಎಲ್ಲ ಮುದುಕಿಯ ಕುರಿಗಳು. ಮೇವಿಗೆಂದು ತಿಂಗಳಿಂದ ಆಚೆ ದಂಡೆಯಲ್ಲಿದ್ದವು, ಈಚೆ ಹಿಕ್ಕೆ ಎಲ್ಲಿಂದ ಬರಬೇಕು? ಅವು ಅಂದು ಬರುತ್ತವೆಂದು ಮುದುಕಿಗೆ ಗೊತ್ತಿತ್ತು. ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ.

"ನಾಕ ದಿನದಾಗ ಬರ್ತೇನಿ ಆಯಿ," ಎಂದ. ಲಸಿಕೆ ತರಲು ಹೋಗುವುದಕ್ಕೆ ಎರಡು ದಿನ, ಬರುವುದಕ್ಕೆ ಎರಡು ದಿನ. ಆದರೆ ಮೊಣಕಾಲು ಏಳಗೊಡಲಿಲ್ಲ, ಎದ್ದಾಗ ದೋಣಿ ಸಿಗಲಿಲ್ಲ. ಹನ್ನೊಂದು ದಿನವಾಯಿತು.

ಹೋದಾಗ ಹಟ್ಟಿಯಲ್ಲಿ ಸದ್ದಿರಲಿಲ್ಲ. ಮುದುಕಿ ಬೈಯಲಿಲ್ಲ, ಅಳಲಿಲ್ಲ. ಮಾಳಪ್ಪನ ಕೈ ಹಿಡಿದು ಒಳಗೆ ಕರೆದೊಯ್ದಳು. ಉಳಿದ ಕುರಿಗಳ ತಲೆ ಮುಟ್ಟುತ್ತ, ಊರಿಗೆಲ್ಲ ಕೇಳುವಂತೆ ಜೋರಾಗಿ ಎಣಿಸಿದಳು. ಆರು.

ಇದನ್ನು ಹೇಳುವಾಗ ಮಾಳಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. "ಕೇಳಿದ್ರ ಬೈತಿದ್ಳು, ಅಷ್ಟ. ಬೈಸ್ಕೊಂಡಿದ್ರ ನಂದೇನ ಹೋಗ್ತಿತ್ತು?"

"ಕುರುಬರಾಗ ಹುಟ್ಟಿ ಹೆಂಗ ಕೇಳತಿದ್ದಿ ಮಾರಾಯಾ," ಎಂದೆ.

"ಅವರಿಗೆ ಬೇಕಾಗಿದ್ದು ಸೂಜಿ ಹಾಕಾಂವ. ಕುರುಬ ಏನ ಮಾಡಾಂವದಾನ ಅಲ್ಲಿ?"

 

ಊರಿಗೆ ಮರಳುವ ಮೊದಲು ಅವನು ಇನ್ನೂ ಎಂಟು ಊರು ತಿರುಗಿದ್ದಾನೆ. ಆ ಬಾತ ಕಾಲಲ್ಲೇ. ಹೋದ ಕೂಡಲೆ, ಕೂರುವ ಮೊದಲೇ, ಕುರಿ ಎಷ್ಟು, ಹೊಳೆಯಾಚೆ ಎಷ್ಟು ಎಂದು ತಾನೇ ಕೇಳಿದ. ಒಂದು ಕಡೆ ಹಟ್ಟಿಯ ಬಾಗಿಲಿಗೆ ಮುಳ್ಳುಕಂಟಿ ಎಳೆದುಕೊಂಡರು, ಇನ್ನೊಂದು ಕಡೆ ಒಬ್ಬ ಕೋಲೆತ್ತಿದ. ಹೇಳುವತನಕ ಹೊರಗೆ ಬಿಸಿಲಲ್ಲೇ ಕೂತ, ಕೇಳುತ್ತಲೇ ಇದ್ದ. ಆ ಎಂಟು ಊರಲ್ಲಿ ಅವನ ಮುಖ ಕಂಡರೆ ಯಾರಿಗೂ ಆಗದು. ಕುರಿಗಳಿಗೆ ಮಾತ್ರ ಒಂದನ್ನೂ ಬಿಡದೆ ಸೂಜಿ ಬಿತ್ತು.