ಹಾರ್ನ್ ಇಲ್ಲದೆ ಶಿವನಿ ಊರಿಗೆ

ಹೋದ ವಾರ ಅಜ್ಜಂಪುರ ದಾಟಿ ಶಿವನಿ ರಸ್ತೆಗೆ ಬಂದಿದ್ದೆ. ಕಾರು ನಿಂತುಹೋಯಿತು. ಪಕ್ಕದ ಸೀಟಿನಲ್ಲಿ ಒಂದು ಹಸಿರು ಸೀರೆ, ಇನ್ನೂ ಅಂಗಡಿ ಕವರಿನಲ್ಲೇ ಇತ್ತು. ಸೀರೆ ಶಿವನಿಯಲ್ಲಿದ್ದ ನನ್ನ ಅಕ್ಕನಿಗೆ. ಅವಳು ಬೆಳಿಗ್ಗೆ ತೀರಿಕೊಂಡಿದ್ದಳು.

ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ? ಮದುವೆಯಾದ ಹೆಣ್ಣುಮಗಳು ಹೋದರೆ, ತವರಿನ ಸೀರೆ ಹೊದಿಸದೆ ಎತ್ತುವುದಿಲ್ಲ. ಅಕ್ಕನಿಗೆ ತವರು ಎಂದರೆ ಉಳಿದಿದ್ದವನು ನಾನೊಬ್ಬನೇ. ಆ ತವರು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತಿತ್ತು.

ಭಾವನ ಫೋನ್ ಬಂತು.

“ಎಲ್ಲಿದೀಯಪ್ಪಾ? ಬಿಸಿಲು ಏರ್ತಾ ಐತೆ. ನಿನ್ನ ಸೀರೆಗೇ ಕಾಯ್ತಾ ಕೂತಿದೀವಿ.”

“ಬಂದೆ ಭಾವ, ಐದೇ ನಿಮಿಷ.”

(ಸುಳ್ಳು. ಅಕ್ಕನಿಗೂ ವರ್ಷಗಟ್ಟಲೆ ಇದನ್ನೇ ಹೇಳಿದ್ದೆ.)

ತರೀಕೆರೆಯ ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಸೆಲ್ಫ್ ಹೊಡೀತೈತಾ ಸಾರ್?”

“ಹೊಡೀತಿದೆ, ಸ್ಟಾರ್ಟ್ ಆಗ್ತಿಲ್ಲ.”

“ಕೀ ಆನ್ ಮಾಡಿದ್ರೆ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪಿನ ಸದ್ದು ಬರ್ತೈತಾ?”

ಬರಲಿಲ್ಲ.

“ಹಂಗಾದ್ರೆ ಫ್ಯೂಸ್ ಹೋಗಿರ್ಬೇಕು ಕಣ್ರೀ. ಕೀ ತೆಗ್ದು ಫ್ಯೂಸ್ ಬಾಕ್ಸ್ ನೋಡಿ.”

ಸ್ಟೀರಿಂಗ್ ಕೆಳಗಿನ ಮುಚ್ಚಳ ಕಳಚಿದೆ. ಅದರ ಒಳಬದಿಯ ಚಿತ್ರ ನೋಡಿ ಪಂಪಿನ ಫ್ಯೂಸ್ ಹುಡುಕಿ ಕಿತ್ತೆ. ಉಗುರಿನಷ್ಟು ನೀಲಿ ಪ್ಲಾಸ್ಟಿಕ್. ಬಿಸಿಲಿಗೆ ಹಿಡಿದರೆ ಒಳಗಿನ ತಂತಿ ತುಂಡಾಗಿತ್ತು. ಸ್ಪೇರ್? ಇಟ್ಟುಕೊಂಡರೆ ತಾನೇ!

“ಹಾರ್ನ್‌ದೂ ಅದೇ ನಂಬರ್ ಇದ್ರೆ ಅದನ್ನ ಕಿತ್ತು ಇದಕ್ಕೆ ಹಾಕಿ. ಹಾರ್ನ್ ಇರಲ್ಲ, ಹುಷಾರಾಗಿ ಹೋಗಿ ಸಾರ್.”

ಎರಡರ ಮೇಲೂ ಹದಿನೈದು ಎಂದಿತ್ತು. ಹಾಕಿದೆ. ಕಾರು ಸ್ಟಾರ್ಟ್ ಆಯಿತು.

ಈ ಹಾರ್ನ್ ವಿಷಯ ಹೇಳಬೇಕು. ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋಗುತ್ತಿದ್ದೆ. ಮನೆ ಮುಂದೆ ಎರಡು ಸಲ ಹಾರ್ನ್ ಹೊಡೆದರೆ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬರುತ್ತಿದ್ದಳು. ಕಿಟಕಿಯಿಂದಲೇ ಬಾಗಿನ ಕೊಡುತ್ತಿದ್ದೆ. ಇಂಜಿನ್ ಆಫ್ ಮಾಡುತ್ತಿರಲಿಲ್ಲ. (ಬಿಜಿ! ಯಾವ ರಾಜ್ಯ ಆಳುತ್ತಿದ್ದೆನೋ.)

“ಇಳಿಯೋ ಒಂದ್ಗಳಿಗೆ. ಕಾಫಿನಾದ್ರೂ ಕುಡ್ಕಂಡು ಹೋಗು.”

“ಮುಂದಿನ ಸಲ ಕಣಕ್ಕಾ.”

ಹೋದ ಗೌರಿಗೆ ಅವಳು ಒಳಗೆ ಕರೆಯಲೇ ಇಲ್ಲ. ಹಾರ್ನ್ ಕೇಳಿ ಕಾಫಿ ಲೋಟವನ್ನೇ ಹಿಡಿದು ಬಂದಳು. ಸೀಟಿನಲ್ಲೇ ಕೂತು ಕುಡಿದು ಲೋಟ ವಾಪಸ್ ಕೊಟ್ಟೆ. ಆಗ ನಾಚಿಕೆಯಾಗಲಿಲ್ಲ. ಈಗ ಆಗುತ್ತಿದೆ.

ನಾವೆಲ್ಲ ಹೀಗೇ ಅಲ್ಲವೇ? ಗೇಟಿನ ಮುಂದೆ ಹಾರ್ನ್, ಕಿಟಕಿಯಿಂದಲೇ ಮಾತು, ಆಮೇಲೆ ರಿವರ್ಸ್ ಗೇರ್. ಅದನ್ನೇ ಹೋಗಿ ನೋಡಿಕೊಂಡು ಬಂದೆ ಎನ್ನುತ್ತೇವೆ.

ಅವತ್ತೂ ಆ ಮನೆ ಮುಂದೆ ಕೈ ತಾನಾಗಿ ಹಾರ್ನ್ ಒತ್ತಿತು. ಸದ್ದು ಬರಲಿಲ್ಲ. ಇಂಜಿನ್ ಆಫ್ ಮಾಡಿ ಇಳಿದೆ. ಸೀರೆ ಹಿಡಿದು ಒಳಗೆ ನಡೆದೆ. ಭಾವ ದಾರಿ ಬಿಟ್ಟರು.

“ನೋಡೇ, ನಿನ್ನ ತಮ್ಮ ಒಳಕ್ ಬಂದವ್ನೆ” ಎಂದರು ಅವಳಿಗೆ.

ಸೀರೆ ಹೊದಿಸಿ ಅವಳ ಪಕ್ಕದಲ್ಲೇ ಕೂತು ಅತ್ತೆ. ಏಳಲು ಮನಸ್ಸಾಗಲಿಲ್ಲ. ಅವಸರ ಮಾಡಲು ನನಗೆ ಅವತ್ತು ಯಾವ ಕೆಲಸವೂ ಇರಲಿಲ್ಲ.

ನಿನ್ನೆ ಹೊಸ ಫ್ಯೂಸ್ ತಂದು ಹಾಕಿದೆ. ಹಾರ್ನ್ ಜೋರಾಗಿಯೇ ಬರುತ್ತಿದೆ. ಬರುವ ಗೌರಿಗೆ ಅದನ್ನು ಕೇಳಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಯಾರು ಓಡಿ ಬರುತ್ತಾರೆ?