ಒಡೆಯರ ಗೋಡೆಯ ಮೇಲೆ ಅಗಸನ ಹೆಂಡತಿ

ನಮ್ಮ ಕಣಜದ ಒಡೆಯರ ನಾರುಬಟ್ಟೆಗಳನ್ನು ಸವಳುಮಣ್ಣು ಹಾಕಿ ಕುಕ್ಕಿ ಕುಕ್ಕಿಯೇ ಅಗಸ ಪಶೆದು ಮುದುಕನಾಗಿದ್ದ. ಮೊಸಳೆ ಕಚ್ಚಿದ ಕಾಲು ಬೇರೆ. ಅಂಥವನಿಗೆ ಒಡೆಯರು ಪಡುವಣ ಬೆಟ್ಟದಲ್ಲಿ ಕೊರೆಸುತ್ತಿದ್ದ ತಮ್ಮ ಸಮಾಧಿಯ ಗೋಡೆಯಲ್ಲಿ ಜಾಗ ಕೊಟ್ಟರು. ಚಿತ್ರವಷ್ಟೇ ಅಲ್ಲ, ಪಕ್ಕದಲ್ಲಿ ಹೆಸರೂ! ನಮ್ಮಂಥವರನ್ನು ಮರಳಿನಲ್ಲಿ ಹೂತರೆ ಮೂರು ವರ್ಷಕ್ಕೆ ಹೆಸರು ಹೇಳುವವರಿರುವುದಿಲ್ಲ. ಗೋಡೆಯ ಮೇಲೆ ಬರೆಸಿಕೊಂಡವನು ಒಡೆಯನ ಜೊತೆ ಆ ಲೋಕದಲ್ಲೂ ಬದುಕುತ್ತಾನೆ. ಕೇರಿಯೆಲ್ಲ ಹೊಟ್ಟೆ ಉರಿದುಕೊಂಡಿತು.

ಪಶೆದುವಿಗೆ ಮಾತ್ರ ತಲೆ ಕೆಟ್ಟುಹೋಯಿತು. ಹೋದ ವರ್ಷ ಸತ್ತ ಹೆಂಡತಿ ತಬೆಸ್ ಮರಳಿನಲ್ಲಿದ್ದಳು. ತಾನು ಗೋಡೆಯಲ್ಲಿ, ಅವಳು ಮರಳಿನಲ್ಲಿ ಎಂದಾದರೆ ಅಲ್ಲಿ ಸೇರುವುದು ಹೇಗೆ? ಗೋಡೆ ಬೇಡವೆಂದರೆ ಇಬ್ಬರೂ ಅಳಿದುಹೋಗುವುದಿಲ್ಲವೇ? ಹಾಗೆಂದರೂ ಸರಿ, ಹೀಗೆಂದರೂ ಸರಿ ಅನ್ನಿಸಿ, ಕೊನೆಗೆ ಯಾವುದೂ ಸರಿಯಲ್ಲ ಅನ್ನಿಸುತ್ತಿತ್ತು.

ಸಮಾಧಿಯೊಳಗೆ ಚಿತ್ರಗಾರ ನಖಿ ಕುಂಚ ಹಿಡಿದು ಕಾಯುತ್ತಿದ್ದ.

"ಏನಯ್ಯಾ, ಮದುವೆ ಗಂಡಿನ ಹಾಗೆ ನೆಟ್ಟಗೆ ನಿಂತಿದ್ದೀಯ? ಬಗ್ಗು, ಬಟ್ಟೆ ಹಿಂಡು."

"ಅಲ್ಲಣ್ಣಾ, ನಾನು ಇಲ್ಲಿ ಯಾವಾಗ್ಲೂ ಬಗ್ಗೇ ಇರ್ಬೇಕಾ?"

"ಮತ್ತಿನ್ನೇನು? ಒಡೇರು ಕೂತು ಬಾತುಕೋಳಿ ತಿಂತಾರೆ, ನೀನು ಒಗೀತೀಯ. ಅಲ್ಲಿ ಬಟ್ಟೆ ಕೊಳೆಯಾಗಲ್ವಾ?"

"ಒಗೀತೀನಿ ಬಿಡು. ಆದ್ರೆ ನನ್ನ ತಬೆಸ್ ಇಲ್ದೆ ಹೆಂಗಣ್ಣಾ ಇರ್ಲಿ? ಅವಳನ್ನೂ ಒಂದು ಮೂಲೇಲಿ ಬರೆದುಬಿಡು."

"ಒಡೇರ ಗೋಡೆ ಮೇಲೆ ನಿನ್ನ ಹೆಂಡ್ತೀನಾ! ಏನು ಕೆಲಸ ಮಾಡ್ತಿದ್ಲು?"

"ಮಧ್ಯಾಹ್ನ ನದಿ ಹತ್ರ ನಂಗೆ ಬುತ್ತಿ ತರ್ತಿದ್ಲು. ರೊಟ್ಟಿ, ಈರುಳ್ಳಿ."

"ಬುಟ್ಟಿ ಹೊತ್ತ ಹೆಂಗಸು! ಅದು ನಡೆಯುತ್ತೆ," ಎಂದ ನಖಿ.

ಅವನದು ಒಳ್ಳೆಯ ಕೈ. ನೋಡನೋಡುತ್ತಿದ್ದಂತೆ ತಬೆಸ್ ತಲೆಯ ಮೇಲೆ ಬುಟ್ಟಿ ಹೊತ್ತು, ಸೊಂಟ ಕೊಂಕಿಸಿ, ಬಗ್ಗಿದ ಗಂಡನ ಕಡೆಗೆ ನಡೆದು ಬಂದಳು. ಪಶೆದು ಮಗುವಿನ ಹಾಗೆ ಅತ್ತುಬಿಟ್ಟ. ಓದು ಬಾರದವನು, ನಖಿ ಪಕ್ಕದಲ್ಲಿ ಬರೆದ ಅಕ್ಷರಗಳನ್ನು ತೋರಿಸಿ ಏನೆಂದು ಕೇಳಿದ.

"ಇದು 'ಒಡೆಯರ ಸೇವಕ ಪಶೆದು'. ಇದು 'ಒಡೆಯರ ಸೇವಕಿ ತಬೆಸ್'."

"ಸೇವಕಿನಾ?" ಪಶೆದು ಕಣ್ಣೊರೆಸಿಕೊಂಡ. "ಅಯ್ಯೋ, ಒಡತಿ ಕೆಲಸಕ್ಕೆ ಬಾ ಅಂತ ಎರಡು ಸಲ ಹೇಳಿ ಕಳಿಸಿದ್ರೂ ಆ ಮನೆ ಹೊಸಿಲು ತುಳೀಲಿಲ್ಲ ಕಣಣ್ಣಾ ಅವಳು. ಊಟಕ್ಕಿಲ್ದಿದ್ರೂ ಸರಿ, ಕೈಕಟ್ಟಿ ನಿಲ್ಲಲ್ಲ ಅಂದವಳು. ಆ ಪದ ಒಂದನ್ನ ಅಳಿಸಿಬಿಡು!"

"ಆ ಪದ ಹೋದ್ರೆ ಒಡೇರ ಗೋಡೆ ಮೇಲೆ ಇವಳ್ಯಾಕೆ ಅಂತಾರೆ, ಹೆಸರನ್ನೂ ಕೆರೆದು ಹಾಕಿಸ್ತಾರೆ. ಹೆಸರು ಅಳಿಸಿದ್ರೆ ಅವಳು ಎರಡನೇ ಸಲ ಸತ್ತ ಹಾಗೆ. ಆ ಪಾಪ ನಂಗ್ಯಾಕೆ? ತಗೋ, ಬೇಕಾದ್ರೆ ನೀನೇ ಒರೆಸು." ನಖಿ ಒದ್ದೆ ಬಟ್ಟೆಯನ್ನು ಅವನ ಕೈಗಿತ್ತು ದೀಪದ ಬತ್ತಿ ಸರಿಮಾಡಲು ಹೋದ.

ಪಶೆದು ಬಟ್ಟೆಯನ್ನು ಗೋಡೆಯ ತನಕ ಒಯ್ದ. ಹಿಂದಕ್ಕೆ ತಂದ. ಮತ್ತೆ ಒಯ್ದ. ಅಷ್ಟರಲ್ಲಿ ಬಣ್ಣ ಆರಿತು.

"ಬೈಬೇಡ ಕಣೇ," ಎಂದು ಗೋಡೆಗೆ ಹೇಳಿ, ಬಟ್ಟೆಯನ್ನು ಕೆಳಗಿಟ್ಟ.