ಭಾಮೈದನಿಗೆ ಕಳಿಸಿದ ಕಲ್ಲಿದ್ದಲು

ಕಲ್ಲಿದ್ದಲು ಪ್ರಯೋಗಾಲಯದ ಹಳೆ ಕುಲುಮೆ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕೆಲಸದಲ್ಲಿ ಅವನತ್ತ ಬೆರಳು ತೋರಿಸುವಂತಿರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಸ್ವಲ್ಪ ಜಾಸ್ತಿ, ಅದೂ ಹೆಂಡತಿಯ ತಮ್ಮನ ಮೇಲೆ.

ಆ ಭಾಮೈದನನ್ನು ಕರೆತಂದು ಕೆಲಸಕ್ಕೆ ಸೇರಿಸಿದವನು ಇವನೇ, ಸಲಿಕೆ ಹಿಡಿಯಲು ಕಲಿಸಿದವನೂ ಇವನೇ. ಅಷ್ಟರಲ್ಲಿ ಗಣಿ ಕಂಪನಿಗಳೆಲ್ಲ ಸೇರಿ, ಮಾರಿದ ಟನ್ನಿಗೆ ಇಷ್ಟೆಂದು ಎತ್ತಿಟ್ಟು ಒಂದು ನಿಧಿ ಮಾಡಿದವು. ಹೊಗೆಯಲ್ಲಿನ ಇಂಗಾಲವನ್ನು ಹಿಡಿದಿಡುವ ಸಂಶೋಧನೆಗೆಂದು ಹಿತ್ತಲಲ್ಲಿ ಹೊಸ ಕುಲುಮೆ ಎದ್ದಿತು. ಅದರ ಉಸ್ತುವಾರಿ ಸಿಕ್ಕಿದ್ದು ಭಾಮೈದನಿಗೆ. ಅವನಿಗೆ ಗಾಜಿನ ಕೋಣೆ, ತಣ್ಣನೆ ಗಾಳಿ. ಮೇಸ್ತ್ರಿಗೆ ಅದೇ ಮಸಿ, ಅದೇ ಬೆವರು. ಮನೆಗೆ ಬಂದರೆ ಹೆಂಡತಿಯ ಬಾಯಲ್ಲಿ ತಮ್ಮನ ಗುಣಗಾನ. ಕೇಳಿ ಕೇಳಿ ಮೇಸ್ತ್ರಿಯ ಮೈ ಉರಿಯುತ್ತಿತ್ತು.

ಒಂದು ದಿನ ನಿಧಿಯವರು ಬರುತ್ತಾರೆಂಬ ಸುದ್ದಿ ಬಂತು. ಎರಡೂ ಕುಲುಮೆ ನೋಡಿ ಒಂದಕ್ಕೆ ಮಾತ್ರ ಮುಂದೆ ಹಣ ಕೊಡುತ್ತಾರೆ, ಇನ್ನೊಂದನ್ನು ಮುಚ್ಚುತ್ತಾರೆ. ದೊಡ್ಡವರು ಬಂದಾಗ ರಾಶಿಯಲ್ಲಿ ಹೊಳೆಯುವ ಒಣ ಕಲ್ಲಿದ್ದಲನ್ನೇ ಹೆಕ್ಕಿ ಉರಿಸುವುದು ಅಲ್ಲಿನ ಪದ್ಧತಿ. ಎರಡೂ ಕಡೆಗೆ ಹೆಕ್ಕಿ ಕಳಿಸುವವನು ಮೇಸ್ತ್ರಿ. ಅವನು ಒಳ್ಳೆಯದನ್ನೆಲ್ಲ ತನಗೆ ಇಟ್ಟುಕೊಂಡು, ಅರ್ಧ ಮಣ್ಣೇ ಇದ್ದ ಕಳಪೆ ಕಲ್ಲಿದ್ದಲ ಕಸರನ್ನು ಭಾಮೈದನ ಗಾಡಿಗೆ ತುಂಬಿಸಿದ. ಗಾಡಿ ನೇರವಾಗಿ ಪುಡಿ ಮಾಡುವ ಯಂತ್ರಕ್ಕೆ ಸುರಿಯುತ್ತಿದ್ದರಿಂದ ಯಾರಿಗೂ ಗೊತ್ತಾಗುವಂತಿರಲಿಲ್ಲ. ಪಾಪ ಎನಿಸಲಿಲ್ಲವೇ? ಎನಿಸಿತು, ಕೈ ತೊಳೆದುಕೊಳ್ಳುವಷ್ಟು ಹೊತ್ತು.

ಮೇಸ್ತ್ರಿಯ ಕುಲುಮೆ ಸೊಗಸಾಗಿ ಉರಿಯಿತು. ಬಂದವರು ತಲೆಯಾಡಿಸಿ ಹಿತ್ತಲಿಗೆ ನಡೆದರು. ಅಲ್ಲಿ ಬೆಂಕಿ ಮೊದಲು ಸತಾಯಿಸಿತು. ಭಾಮೈದ ಕಕ್ಕಾಬಿಕ್ಕಿಯಾಗಿ ಗಾಳಿ ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಕೊನೆಗೆ ಉರಿ ಹಿಡಿಯಿತು. ಚಿಮಣಿಯಲ್ಲಿ ಹೊಗೆಯ ಎಳೆಯೂ ಕಾಣಲಿಲ್ಲ. ಮೀಟರಿನ ಮುಳ್ಳೂ ಇಂಗಾಲ ಸಿಕ್ಕಿಬಿದ್ದಿದೆ ಎಂದಿತು. ನಿಧಿಯ ಮುಖ್ಯಸ್ಥ ಯಂತ್ರದ ಬಳಿ ಚೆಲ್ಲಿದ್ದ ಕಸರನ್ನು ಬೊಗಸೆಯಲ್ಲಿ ಎತ್ತಿ ನೋಡಿದ.

"ಒಳ್ಳೇ ಕಲ್ಲಿದ್ದಲನ್ನ ಯಾರು ಬೇಕಾದ್ರೂ ಉರಿಸ್ತಾರೆ. ನಮ್ಮ ಗಣಿಗಳ ಮುಂದೆ ಮಾರಾಟವಾಗದೆ ಬೆಟ್ಟದಷ್ಟು ಬಿದ್ದಿರೋದು ಇದು. ಇದನ್ನ ನಮ್ಮೆದುರಿಗೆ ಉರಿಸೋ ಧೈರ್ಯ ಯಾರಿಗೆ ಬಂತು?"

ಭಾಮೈದ ಓಡಿಹೋಗಿ ಮೇಸ್ತ್ರಿಯ ಕೈ ಹಿಡಿದು ಎಳೆತಂದ. "ನಮ್ಮ ಭಾವ, ಸಾರ್. ಈ ಕುಲುಮೆ ಮೇಲೆ ನನಗಿಂತ ಅವರಿಗೇ ನಂಬಿಕೆ ಜಾಸ್ತಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹಣ ಹೊಸ ಕುಲುಮೆಗೆ ಸಿಕ್ಕಿತು, ಹಳೆಯದು ಆ ವಾರವೇ ಆರಿತು. ಮೇಸ್ತ್ರಿಯನ್ನು ಭಾಮೈದನ ಕೈಕೆಳಗೆ ಹಾಕಿದರು, ಕೆಟ್ಟ ಕಲ್ಲಿದ್ದಲು ಹೆಕ್ಕುವ ಕೆಲಸಕ್ಕೆ. ಅದರಲ್ಲಿ ಅವನಷ್ಟು ಪಳಗಿದವರು ಇಲ್ಲವೆಂದು ಮುಖ್ಯಸ್ಥನೇ ಹೇಳಿದನಂತೆ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು. "ನನ್ನ ತಮ್ಮನ್ನ ಕಂಡ್ರೆ ನಿಮಗಾಗಲ್ಲ ಅಂದ್ಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದಳು.

ಮದುವೆಯಾದಾಗಿನಿಂದ ಅವಳು ಅವನನ್ನು ಅಷ್ಟು ಪ್ರೀತಿಯಿಂದ ನೋಡಿದ್ದೇ ಇಲ್ಲ. ಅದೂ ತಮ್ಮನ ದೆಸೆಯಿಂದಲೇ ಸಿಕ್ಕಿತಲ್ಲ ಎಂದು ಮೇಸ್ತ್ರಿಗೆ ಇನ್ನೂ ಹೊಟ್ಟೆ ಉರಿಯಿತು.